ಮೂರನೆಯ ಕೂಗು

ಜೋರಾಪುರ ಪೇಟೆ, ವಿಜಯಪುರ
೯ ಸೆಪ್ಟೆಂಬರ್ ೨೦೨೪

ಸತೀಶಾ,

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿ ಮೂರು ವರ್ಷವಾಯಿತು. ಅಂಚೆಯವನನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಬಂದಿಲ್ಲ, ಅದಕ್ಕೇ ಈ ಕಾಗದ. ವಿಳಾಸ ಕೊಟ್ಟವನು ಬಬಲೇಶ್ವರದ ಜುಬೇರ. ಅವನ ಮೇಲೆ ಸಿಟ್ಟಾಗಬೇಡ, ಬಹಳ ಗೋಗರೆದ ಮೇಲೆ ಬಾಯಿ ಬಿಟ್ಟ. ತಿಕೋಟದಲ್ಲಿ ನೀರೆತ್ತುವ ಮೋಟರುಗಳ ರಿಪೇರಿ ಅಂಗಡಿ ಇಟ್ಟಿದ್ದೀಯಂತೆ. ನಮ್ಮ ಮನೆಯಿಂದ ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ. ಇಷ್ಟು ಹತ್ತಿರ ಇದ್ದು ಅಷ್ಟು ದೂರ ಇರುವುದಕ್ಕೂ ಒಂದು ಜಾಣತನ ಬೇಕು.

ಕ್ಷೇಮ ಸಮಾಚಾರ ಬರೆಯುವುದಿಲ್ಲ. ಓದುವ ಮನಸ್ಸು ನಿನಗೂ ಇರಲಾರದು. ವಿಷಯ ಇಷ್ಟೇ. ನಾವು ಕಂಪ್ಯೂಟರಿನಲ್ಲಿ ಆಡುತ್ತಿದ್ದ ‘ಏಳು ಕೊತ್ತಲ’ ಆಟವನ್ನು ಕಂಪನಿಯವರು ಮುಚ್ಚುತ್ತಿದ್ದಾರೆ. ಬರುವ ಜನವರಿ ಮೂವತ್ತೊಂದರ ಸಂಜೆ ಆರಕ್ಕೆ ಸರ್ವರ್ ಬಂದ್. ಆಮೇಲೆ ನಿನ್ನ ಕತ್ತಿಯವನೂ ಇಲ್ಲ, ನನ್ನ ಬಿಲ್ಲುಗಾರ್ತಿಯೂ ಇಲ್ಲ, ಅಪ್ಪ ಹೆಸರಿಟ್ಟು ಸಾಕಿದ ವೈದ್ಯನೂ ಇಲ್ಲ.

ಅದಕ್ಕೂ ಮೊದಲು ನಾನು ಕೂಗುಮಾರಿಯನ್ನು ಹೊಡೆಯಬೇಕು. ಆಟದಲ್ಲಿ ಅವಳಿಗೆ ನಾಲಿಗೆ ತಿರುಗದ ಏನೋ ಹೆಸರಿತ್ತು. ಯಾರೋ ಆಡಿದ್ದ ವಿಡಿಯೋದಲ್ಲಿ ಅಪ್ಪ ಅವಳನ್ನು ಒಂದೇ ಸಲ ನೋಡಿ, “ಹೆಸರ ಹಿಡದು ಕೂಗ್ತಾಳಲ್ಲಾ, ಇಕಿ ನಮ್ಮ ಕೂಗುಮಾರಿನ ಬಿಡ್ರಿ” ಎಂದದ್ದು ನಿನಗೆ ನೆನಪಿರಬೇಕು. ಉಳಿದದ್ದೆಲ್ಲ ಮುಗಿಸಿದ್ದೇವೆ, ಅವಳೊಬ್ಬಳು ಬಾಕಿ. ಹೌದು, ಅವಳು ಐಚ್ಛಿಕ. ಕಥೆ ಮುಗಿಸಲು ಅವಳ ನೆಲಮಾಳಿಗೆಗೆ ಇಳಿಯಲೇಬೇಕೆಂದಿಲ್ಲ. ಬೇಡವಾದವರು ಮೇಲಿನ ಬಾಗಿಲಿಂದ ನೆಟ್ಟಗೆ ಹೋಗಬಹುದು. ನಾವು ಇಳಿದೆವು.

ಯುಕ್ತಿಯೆಲ್ಲ ನಿನ್ನ ತಲೆಯಲ್ಲಿತ್ತು, ನಾನು ನೀನು ಹೇಳಿದ ಕಡೆ ಬಾಣ ಬಿಡುತ್ತಿದ್ದವಳು. ಈಗ ಒಬ್ಬಳೇ ಹೋಗಿ ಹದಿನೇಳು ಸಲ ಸತ್ತಿದ್ದೇನೆ. ಮೂವತ್ತಾರರ ಹೆಂಗಸು, ಹಗಲೆಲ್ಲ ಅಪ್ಪನ ಗ್ರಂಧಿಗೆ ಅಂಗಡಿಯಲ್ಲಿ ಅಳಲೆಕಾಯಿ, ಹಿಪ್ಪಲಿ ತೂಗುವವಳು, ಮನೆಗೆ ಬಂದು ಮಾರಿಯ ಜೊತೆ ಜಗಳಕ್ಕೆ ಕೂಡುತ್ತಾಳೆ ಎಂದು ನಗು ಬೇಕಾದರೆ. ನಗು, ಆದರೆ ಬರೆ. ಹಠ ಅಷ್ಟೇ, ಬೇರೆ ಏನೂ ಇಲ್ಲ.

ಉತ್ತರವನ್ನು ಮನೆಗೆ ಹಾಕಬೇಡ. ಸಿದ್ಧೇಶ್ವರ ಗುಡಿಯ ಹತ್ತಿರ ಅಂಗಡಿಯ ವಿಳಾಸಕ್ಕೆ ಹಾಕು.

ವಿದ್ಯಕ್ಕ


ತಿಕೋಟ
೨೧ ಸೆಪ್ಟೆಂಬರ್ ೨೦೨೪

ಕಾಗದ ಬಂದಿದೆ. ಬರೆಯಬೇಕೋ ಬೇಡವೋ ಎಂದು ಒಂದು ವಾರ ಯೋಚಿಸಿದೆ. ಆಟದ ಮೇಲೆ ನನಗೆ ಸಿಟ್ಟಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಸಾಯುತ್ತಿರುವುದು ಆತುರಕ್ಕೆ. ಮೊದಲನೆಯ ಹಂತದಲ್ಲಿ ಅವಳ ಮೈಗೆ ಬಾಣ ಬಿಡಲೇಬೇಡ, ಅವಳ ಮೈ ಕಲ್ಲು. ಕೋಣೆಯ ನಾಲ್ಕು ಮೂಲೆಗೆ ನಾಲ್ಕು ದೀಪಗಳಿವೆ, ಅವನ್ನು ಆರಿಸು. ಬಾಗಿಲ ಎಡಗಡೆಯದರಿಂದ ಶುರು ಮಾಡಿ ಸುತ್ತು ಹಾಕಿ ಬಲಗಡೆಯದಕ್ಕೆ ಬಾ. ಸುತ್ತು ತಪ್ಪಿದರೆ ಆರಿದ ದೀಪಗಳೆಲ್ಲ ಮತ್ತೆ ಹತ್ತಿಕೊಳ್ಳುತ್ತವೆ. ಬೆಳಕಿದ್ದಷ್ಟು ಹೊತ್ತು ಅವಳು ಕಲ್ಲು, ಕತ್ತಲಾದರೆ ಮಾತ್ರ ಪೆಟ್ಟು ತಾಗುತ್ತದೆ. ವೈದ್ಯನನ್ನು ಬಾಗಿಲ ಹತ್ತಿರವೇ ನಿಲ್ಲಿಸು, ಒಳಗೆ ಎಳೆಯಬೇಡ. ಒಬ್ಬಳೇ ಹೋಗುವುದಾದರೆ ನನ್ನ ಕತ್ತಿಯವನನ್ನು ಯಂತ್ರದ ಕೈಗೆ ಕೊಟ್ಟು ಜೊತೆಗೆ ಕರೆದುಕೋ. ದಡ್ಡನ ಹಾಗೆ ನಿಂತು ಎಲ್ಲರ ಪೆಟ್ಟನ್ನೂ ತಿನ್ನುತ್ತಾನೆ. ಅವನಿಗೆ ಅಭ್ಯಾಸವಿದೆ.

ಅಂಗಡಿಯ ವಿಳಾಸ ಏಕೆಂದು ಗೊತ್ತು. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ಅವ್ವ ಹೊಸ್ತಿಲಲ್ಲಿ ಅಡ್ಡ ನಿಂತು ಅಂದ ಮಾತು ನನಗೆ ಮರೆತಿಲ್ಲ. “ಆಟಾ ಆಡ್ಕೋತ ಕುಂತು ಅಪ್ಪನ ಜೀವಾ ಕಳದಿ. ಈ ಹೊಸ್ತಲಾ ಮತ್ತ ತುಳೀಬ್ಯಾಡ.” ತುಳಿದಿಲ್ಲ.

ಸತೀಶಕುಮಾರ ಶಿವಯೋಗೆಪ್ಪ


ಜೋರಾಪುರ ಪೇಟೆ
೧ ಅಕ್ಟೋಬರ್ ೨೦೨೪

ಶ್ರೀ ಸತೀಶಕುಮಾರ ಶಿವಯೋಗೆಪ್ಪನವರಿಗೆ,

ಅಕ್ಕನಿಗೆ ಬರೆಯುವಾಗ ಅಪ್ಪನ ಹೆಸರನ್ನೂ ಸೇರಿಸಿ ಸಹಿ ಮಾಡುವವನು ನೀನೊಬ್ಬನೇ ಇರಬೇಕು. ಇರಲಿ, ನಿನ್ನ ದೀಪದ ಯುಕ್ತಿ ಫಲಿಸಿತು. ಇಷ್ಟು ದಿನ ನಾನು ಕಲ್ಲಿಗೆ ಹಣೆ ಜಜ್ಜಿಕೊಳ್ಳುತ್ತಿದ್ದೆ. ಮೂರನೆಯ ದೀಪದ ಹತ್ತಿರ ನಿನ್ನ ಕತ್ತಿಯವನು ಅಡ್ಡ ಬಂದು ನಿಂತುಬಿಡುತ್ತಾನೆ. ಆಟದಲ್ಲೂ ಹಾಗೆಯೇ, ಮನೆಯಲ್ಲೂ ಹಾಗೆಯೇ, ದಾರಿಗೆ ಅಡ್ಡ ನಿಲ್ಲುವುದೆಂದರೆ ನಿನಗೆ ಇಷ್ಟ.

ಈಗ ಎರಡನೆಯ ಹಂತದಲ್ಲಿ ಸಾಯುತ್ತಿದ್ದೇನೆ. ಅವಳು ಒಂದು ಪೆಟ್ಟು ಕೊಟ್ಟರೆ ನನ್ನ ರಕ್ತ ಹೋಗಿ ಅವಳ ಮೈಗೆ ಸೇರುತ್ತದೆ. ಎಷ್ಟು ಹೊಡೆದರೂ ತುಂಬಿದ ಕೊಡದ ಹಾಗೆ ನಿಂತಿರುತ್ತಾಳೆ. ಏನು ಮಾಡಲಿ?

ಅವ್ವನ ಮೊಣಕಾಲು ನೋವು ಹೆಚ್ಚಿದೆ. ನಿನ್ನ ಹೆಸರು ಎತ್ತುವುದಿಲ್ಲ. ಪಡಸಾಲೆಯಲ್ಲಿ ನಾವು ನಾಲ್ವರೂ ಇರುವ ಫೋಟೋ ಇದೆಯಲ್ಲ, ಅದರಲ್ಲಿ ನೀನಿರುವ ಕಡೆಯನ್ನು ಕ್ಯಾಲೆಂಡರ್ ತೂಗುಹಾಕಿ ಮುಚ್ಚಿದ್ದಾಳೆ. ವರ್ಷಕ್ಕೊಮ್ಮೆ ಹೊಸ ಕ್ಯಾಲೆಂಡರ್ ಬಂದಾಗ ಕುಂಟುತ್ತಾ ಎದ್ದು ತಾನೇ ಬದಲಿಸುತ್ತಾಳೆ. ನನ್ನ ಕೈಗೆ ಕೊಡುವುದಿಲ್ಲ. ಹಳೆಯದನ್ನು ತೆಗೆದು ಹೊಸದನ್ನು ಹಾಕುವ ನಡುವೆ ಎಷ್ಟು ಹೊತ್ತು ನಿಲ್ಲುತ್ತಾಳೆಂದು ನಾನು ನೋಡಿದ್ದೇನೆ.

ಆ ದಿನದ ಮಾತನ್ನು ನೀನು ತೆಗೆದೆ. ನಾನು ತೆಗೆಯುವುದಿಲ್ಲ. ನಮ್ಮದು ಆಟದ ಮಾತಾಗಿರಲಿ.

ವಿದ್ಯಕ್ಕ


ತಿಕೋಟ
೧೨ ಅಕ್ಟೋಬರ್ ೨೦೨೪, ವಿಜಯದಶಮಿ

ವಿದ್ಯಕ್ಕನಿಗೆ,

ಎರಡನೆಯ ಹಂತದಲ್ಲಿ ಕೈ ಜೋರು ಮಾಡಿದವರು ಸೋಲುತ್ತಾರೆ. ದೊಡ್ಡ ಬಾಣಗಳನ್ನು ಚೀಲದಲ್ಲೇ ಇಡು. ಸಣ್ಣ ಬಾಣಕ್ಕೆ ವಿಷದ ಲೇಪ ಹಚ್ಚಿ ಒಂದನ್ನು ಬಿಡು, ಓಡು, ಕಾಯಿ. ವಿಷ ನಿಧಾನವಾಗಿ ಇಳಿಯುತ್ತದೆ, ಅದರಿಂದ ಹೋದ ಜೀವವನ್ನು ಅವಳು ನಿನ್ನ ರಕ್ತದಿಂದ ತುಂಬಿಕೊಳ್ಳಲಾರಳು. ಇಲ್ಲಿ ದ್ರಾಕ್ಷಿ ಬೆಳೆಯುವವರು ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವುದನ್ನು ನೋಡುತ್ತಿರುತ್ತೇನೆ. ನೆರಳಲ್ಲಿ ಹರವಿ ಹದಿನೈದು ದಿನ ಸುಮ್ಮನೆ ಬಿಡುತ್ತಾರೆ. ಬಿಸಿಲಿಗೆ ಹಾಕಿ ಅವಸರ ಮಾಡಿದರೆ ಕಪ್ಪಾಗಿ ಕೆಡುತ್ತದೆ. ಅವಳನ್ನೂ ಹಾಗೆ ಒಣಗಿಸಬೇಕು.

ಇನ್ನೊಂದು. ನಿನ್ನ ರಕ್ತ ಅರ್ಧಕ್ಕೆ ಇಳಿಯುವವರೆಗೆ ವೈದ್ಯನಿಂದ ಮದ್ದು ತೆಗೆದುಕೊಳ್ಳಬೇಡ. ಅಪ್ಪ ಪಕ್ಕದಲ್ಲಿ ಕೂತು, “ಮದ್ದು ಕೊಡ್ರಲೇ ಮೊದಲ, ಆಮ್ಯಾಲ ಬಡೀರಿ” ಎಂದು ಗದರುತ್ತಿದ್ದ. ಅಂಗಡಿಯಲ್ಲಿ ಅದು ಸರಿ, ಆಟದಲ್ಲಿ ತಪ್ಪು.

ಲಕೋಟೆಯಲ್ಲಿ ಬನ್ನಿ ಎಲೆ ಇಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಊರ ಹೊರಗಿನ ಬನ್ನಿ ಮರದಿಂದ ಹರಿದು ತಂದೆ. ಅವ್ವನ ಕೈಯಲ್ಲಿ ಕೊಡು. ಸತೀಶ ಕೊಟ್ಟಾನ ಎನ್ನು, ಬಂಗಾರದಾಂಗ ಇರೋಣು ಅಂದಾನ ಎನ್ನು. ಹಬ್ಬದ ದಿನ ಬನ್ನಿ ಕೊಟ್ಟರೆ ಹಗೆಯವನೂ ಬೇಡ ಎನ್ನುವುದಿಲ್ಲ. ಅವಳು ಕೈ ಚಾಚಿದರೆ ಸಾಕು, ಮಾತಾಡದಿದ್ದರೂ ನಡೆಯುತ್ತದೆ.

ಸತೀಶ


ಜೋರಾಪುರ ಪೇಟೆ
೨೪ ಅಕ್ಟೋಬರ್ ೨೦೨೪

ಸತೀಶಾ,

ಎಲೆ ತಲುಪಿತು.

ವಿಷದ ಬಾಣದಿಂದ ಎರಡನೆಯ ಹಂತ ದಾಟಿದೆ. ಒಂಬತ್ತು ದಿನ ಹಿಡಿಯಿತು. ಮೂರನೆಯದರ ಬಾಗಿಲಲ್ಲಿ ನಿಂತಿದ್ದೇನೆ. ಬೇಗ ಬರೆ.

ವಿದ್ಯಕ್ಕ


ತಿಕೋಟ
೧೧ ನವೆಂಬರ್ ೨೦೨೪

ಅಕ್ಕಾ,

ಎಲೆ ತಲುಪಿತು ಎಂಬ ಎರಡೇ ಶಬ್ದವನ್ನು ಎಷ್ಟು ಸಲ ಓದಿದೆನೆಂದು ಹೇಳಿದರೆ ನಗುತ್ತೀ. ಅವ್ವ ಏನೆಂದಳು? ಏನೂ ಅನ್ನದಿದ್ದರೂ ಪರವಾಗಿಲ್ಲ. ತೆಗೆದುಕೊಂಡಳಲ್ಲ. ಅಂಗಡಿಗೆ ಬಂದವರೆಲ್ಲ, “ಏನ್ ಮಾಸ್ತರ, ಇವತ್ತ ಭಾಳ ಖುಷಿ ಕಾಣಾಕತ್ತೀರಿ” ಎಂದರು. ಒಬ್ಬರ ಮೋಟರಿಗೆ ತಾಮ್ರದ ತಂತಿಯನ್ನು ತಿರುಗಾಮುರುಗಾ ಸುತ್ತಿ ಬೈಸಿಕೊಂಡೆ.

ಈಗ ಮೂರನೆಯ ಹಂತ. ಇದಕ್ಕೆ ಇಬ್ಬರು ಮನುಷ್ಯರೇ ಬೇಕು, ಯಂತ್ರದ ಆಳು ಜೊತೆಗಿದ್ದರೆ ಬಾಗಿಲು ತೆರೆಯುವುದೇ ಇಲ್ಲ. ಇದು ನಿನಗೆ ಮೊದಲೇ ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಬರೆಯುತ್ತಿದ್ದೀ ಅಷ್ಟೇ. ಸರಿ, ಆಡೋಣ. ಜುಬೇರನ ಕಂಪ್ಯೂಟರ್ ಅಂಗಡಿಗೆ ಹೋಗಿ ಕೂಡುತ್ತೇನೆ.

ಮತ್ತೆ ಬಾಯಿಪಾಠ ಮಾಡಿಕೋ. ಅವಳ ಜೀವ ಹತ್ತರಲ್ಲಿ ಒಂದು ಪಾಲು ಉಳಿದಾಗ ಕಂಬಗಳ ಹಿಂದೆ ಮರೆಯಾಗುತ್ತಾಳೆ. ಆಗ ನಮ್ಮ ವೈದ್ಯನ ಧ್ವನಿಯಲ್ಲಿ ಕೂಗುತ್ತಾಳೆ. ನಮ್ಮ ವೈದ್ಯನ ಧ್ವನಿ ಅಂದರೆ ಅಪ್ಪನ ಧ್ವನಿ. ಶುರುವಿನಲ್ಲಿ ಆಟವೇ ಮೈಕು ಕೊಟ್ಟು, ನಿಮ್ಮ ವೈದ್ಯ ನಿಮ್ಮಿಬ್ಬರನ್ನು ಹೇಗೆ ಕರೆಯಬೇಕೋ ಹಾಗೆ ಕರೆಯಿರಿ ಎಂದಾಗ ಅಪ್ಪ ಕೆಮ್ಮಿ, ಗಂಟಲು ಸರಿ ಮಾಡಿಕೊಂಡು, ನನ್ನ ಹೆಸರೊಮ್ಮೆ ನಿನ್ನ ಹೆಸರೊಮ್ಮೆ ಹೇಳಿದ್ದ.

ಮಾರಿ ಇಬ್ಬರನ್ನೂ ಕರೆಯುವುದಿಲ್ಲ. ಒಬ್ಬರನ್ನೇ ಆರಿಸುತ್ತಾಳೆ, ಅವರ ಹೆಸರನ್ನೇ ಎರಡು ಸಲ ಕೂಗುತ್ತಾಳೆ. ಹೆಡ್‌ಫೋನ್ ಹಾಕಿದ್ದರೆ ಅದು ಅವರೊಬ್ಬರ ಕಿವಿಗೆ ಮಾತ್ರ, ಸ್ಪೀಕರ್ ಹಚ್ಚಿದ್ದರೆ ಇನ್ನೊಬ್ಬರಿಗೂ ಕೇಳಿಸುತ್ತದೆ. ಕೂಗು ಕೇಳಿದವರು ತಿರುಗಿದರೆ ಒಂದೇ ಪೆಟ್ಟು, ಮುಗಿಯಿತು. ತಿರುಗಬೇಡ. ಎರಡನೆಯ ಕೂಗಿನ ನಂತರ ನಾಲ್ಕು ಎಣಿಸು. ಅಪ್ಪ ಹೇಳುತ್ತಿದ್ದನಲ್ಲ, “ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು?” ಎಂದು. ಕಂಬದ ಬಲಗಡೆಯಿಂದ ಬಂದೇ ಬರುತ್ತಾಳೆ. ಆಗ ದೊಡ್ಡ ಬಾಣ.

ಅಪ್ಪ ಇನ್ನೊಂದು ಮಾತನ್ನೂ ಹೇಳುತ್ತಿದ್ದ. “ಮಾರಿ ಕೂಗೂದು ಎರಡ ಸಲ. ಮೂರನೇದು ಕೂಗಿದ್ರ ಅದು ನಾನ. ಎದ್ದು ಬರ್ರಿ, ಚಾ ಆರತೈತಿ.” ಇದನ್ನು ಏಕೆ ಬರೆದೆನೋ ಗೊತ್ತಿಲ್ಲ.

ಎಳ್ಳ ಅಮಾವಾಸ್ಯೆಗೆ ಅವ್ವ ಅರಕೇರಿಗೆ ಚಿಕ್ಕಮ್ಮನ ಹೊಲಕ್ಕೆ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೋಗುತ್ತಾಳಲ್ಲವೇ? ನಾನೂ ಅಲ್ಲಿಗೆ ಬಂದುಬಿಡಲೇ? ಹೊಲಕ್ಕೆ ಹೊಸ್ತಿಲಿಲ್ಲ. ಅವ್ವನನ್ನು ಕೇಳಿ ಬರೆ.

ಸತೀಶ


ಜೋರಾಪುರ ಪೇಟೆ
೨೦ ಡಿಸೆಂಬರ್ ೨೦೨೪

ಸತೀಶಾ,

ನಲವತ್ತು ದಿನ ಉತ್ತರ ಬರೆಯಲಿಲ್ಲ. ನಡುವೆ ನೀನು ಹಾಕಿದ ಎರಡು ಕಾರ್ಡುಗಳೂ ಬಂದವು. ಬೈದಿದ್ದರೆ ಚೆನ್ನಾಗಿತ್ತು, ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದ್ದೀ.

ಅರಕೇರಿಗೆ ಬರಬೇಡ. ನಿನ್ನ ಬನ್ನಿ ಎಲೆಯನ್ನು ಅವ್ವನಿಗೆ ಕೊಟ್ಟಿಲ್ಲ. ಅಂಗಡಿಯಲ್ಲಿ ತಕ್ಕಡಿಯ ಬಟ್ಟುಗಳಿಡುವ ಡಬ್ಬಿಯಲ್ಲಿ ಅದು ಒಣಗಿ ಪುಡಿಯಾಗುತ್ತಿದೆ. ತಲುಪಿತು ಎಂದು ಬರೆದೆ, ಯಾರಿಗೆ ಎಂದು ಬರೆಯಲಿಲ್ಲ. ಕೊಟ್ಟಿದ್ದರೆ ನೀನು ಎಲ್ಲಿದ್ದೀ, ಹೇಗೆ ಸಿಕ್ಕೆ, ನನಗೆ ಏಕೆ ಬರೆದೆ ಎಂದು ಕೇಳುತ್ತಿದ್ದಳು. ಒಂದು ಪ್ರಶ್ನೆ ಇನ್ನೊಂದನ್ನು ಎಳೆದುಕೊಂಡು ಬರುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಏಕೆಂದರೆ ನಾನು ಒಮ್ಮೆಯೂ ಬಾಯಿ ಬಿಟ್ಟು ಹೇಳಿಲ್ಲ. ಆ ಶ್ರಾವಣ ಸೋಮವಾರದ ಮಧ್ಯಾಹ್ನ ಅವ್ವ ಅರಕೇರಿಗೆ ಹೋಗಿದ್ದಳು. ಅಪ್ಪ ಎದೆ ಉರಿಯುತ್ತದೆ ಎಂದು ಆಟ ಬಿಟ್ಟು ಎದ್ದು ಪಡಸಾಲೆಯಲ್ಲಿ ಮಲಗಿದ. ನಾವಿಬ್ಬರೂ ಒಳಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೊದಲ ಸಲ ಮೂರನೆಯ ಹಂತಕ್ಕೆ ಹೋದೆವು. ಸೋತು ಎದ್ದು ಬಂದಾಗ ಅಪ್ಪ ಕೋಣೆಯ ಬಾಗಿಲ ಹತ್ತಿರ ನೆಲದ ಮೇಲಿದ್ದ. ಸಂಜೆ ಬಂದ ಅವ್ವ ನನ್ನನ್ನು ಕೇಳಿದಳು, “ನೀ ಎಲ್ಲಿದ್ದಿ?” ನಾನು ಹೇಳಿದೆ, “ಅಂಗಡ್ಯಾಗ.” ಒಂದೇ ಶಬ್ದ. ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳಲು ಬರಲಿಲ್ಲ. ನೀನು ಪಕ್ಕದಲ್ಲೇ ನಿಂತಿದ್ದೆ. ಸುಮ್ಮನಿದ್ದೆ.

ಮೂರು ವರ್ಷದಿಂದ ನಿನ್ನ ಹೊಸ್ತಿಲನ್ನು ಮುಚ್ಚಿ ಹಿಡಿದವಳು ಅವ್ವ ಅಲ್ಲ, ನಾನು.

ಹಠಕ್ಕೆ ಆಡುತ್ತೇನೆ ಎಂದದ್ದೂ ಸುಳ್ಳು. ಅಪ್ಪನ ಧ್ವನಿ ನಮ್ಮ ಮನೆಯಲ್ಲಿ ಎಲ್ಲೂ ಉಳಿದಿಲ್ಲ. ಯಾರಾದರೂ ಮೊಬೈಲ್ ಹಿಡಿದರೆ ಬಾಯಿ ಮುಚ್ಚಿಕೊಂಡು ಕಂಬದ ಹಾಗೆ ನಿಲ್ಲುತ್ತಿದ್ದ. ಇರುವುದು ಆ ಮಾರಿಯ ಬಾಯಲ್ಲಿ ಮಾತ್ರ. ಜನವರಿ ಕಳೆದರೆ ಅಲ್ಲೂ ಇಲ್ಲ. ಒಂದು ಸಲ ಕೇಳಬೇಕು.

ಇನ್ನು ಕೊನೆಯದು, ನಿನಗೂ ಗೊತ್ತಿಲ್ಲದ್ದು. ಆಸ್ಪತ್ರೆಯ ಅಂಗಳದಲ್ಲಿ ನೀನು ನನ್ನನ್ನು, “ನಿನಗ ಏನರ ಕೇಳಿಸಿತ್ತೇನು?” ಎಂದು ಕೇಳಿದೆ. ಇಲ್ಲ ಎಂದೆ. ಕೇಳಿಸಿತ್ತು. ಅಪ್ಪ ನನ್ನ ಹೆಸರನ್ನು ಎರಡು ಸಲ ಕರೆದ. ಮಾರಿ ನನ್ನನ್ನು ಆರಿಸಿದ್ದಾಳೆ ಎಂದು ತಿಳಿದೆ. ನೀನು ವಿಡಿಯೋ ನೋಡಿ ಕಲಿಸಿದ ಹಾಗೆ ತಿರುಗದೆ ನಾಲ್ಕು ಎಣಿಸಿದೆ.

ವಿದ್ಯಾ


ತಿಕೋಟ
೪ ಜನವರಿ ೨೦೨೫

ವಿದ್ಯಾವತಿಗೆ,

ನಿನ್ನ ಕಾಗದ ಬಂದ ದಿನ ಅಂಗಡಿ ತೆರೆಯಲಿಲ್ಲ. ಮೊದಲು ಎಲೆಯ ಬಗ್ಗೆ ಓದಿದೆ. ಹರಿದು ಹಾಕಬೇಕೆನಿಸಿತು, ನಿನ್ನನ್ನೂ ಕಾಗದವನ್ನೂ. ಅವ್ವ ಕೈ ಚಾಚಿದಳೆಂದು ತಿಳಿದು ಎರಡು ತಿಂಗಳು ಹುಚ್ಚನ ಹಾಗೆ ಓಡಾಡಿದ್ದೇನೆ. ಅರಕೇರಿಗೆ ತೊಡಲು ಹೊಸ ಅಂಗಿ ಹೊಲಿಸಿದ್ದೆ. ಮರುದಿನ ಅದನ್ನು ಹಾಕಿಕೊಂಡೇ ಮೋಟರಿನ ಗ್ರೀಸು ತೆಗೆದೆ.

ಆಮೇಲೆ ಕೊನೆಯ ಸಾಲಿಗೆ ಬಂದೆ.

ನಾನು ನಿನ್ನ ಸುಳ್ಳನ್ನು ಮುಚ್ಚಿಟ್ಟದ್ದು ಪ್ರೀತಿಯಿಂದ ಎಂದು ತಿಳಿದಿದ್ದರೆ ಅದನ್ನು ಬಿಟ್ಟುಬಿಡು. ಆ ದಿನ ನನಗೂ ಕೇಳಿಸಿತ್ತು. ನನ್ನ ಹೆಸರು, ಎರಡು ಸಲ. ಮಾರಿ ನನ್ನನ್ನು ಆರಿಸಿದಳೆಂದು ನಾನೂ ತಿರುಗಲಿಲ್ಲ. ಅಪ್ಪನನ್ನು ನೆಲದ ಮೇಲೆ ನೋಡಿದ ಗಳಿಗೆಯಿಂದ ಅನುಮಾನ, ಕರೆದದ್ದು ಅವಳೋ ಅಪ್ಪನೋ ಎಂದು. ಅದಕ್ಕೇ ಆಸ್ಪತ್ರೆಯಲ್ಲಿ ನಿನ್ನನ್ನು ಕೇಳಿದ್ದು. ನೀನು ಇಲ್ಲ ಎಂದೆ. ಹಾಗಾದರೆ ಕೇಳಿದವನು ನಾನೊಬ್ಬನೇ, ತಪ್ಪು ನನ್ನೊಬ್ಬನದೇ ಎಂದು ಹೊರಟುಬಂದೆ. ಅವ್ವ ಅಂದದ್ದು ಸರಿಯೆನಿಸಿತು.

ಈಗ ಲೆಕ್ಕ ಹಾಕಿ ನೋಡು. ಮಾರಿ ಇಬ್ಬರನ್ನು ಕರೆಯುವುದಿಲ್ಲ. ಒಬ್ಬರನ್ನೇ. ಅವತ್ತು ನೀನೂ ನಿನ್ನ ಹೆಸರು ಕೇಳಿದೆ, ನಾನೂ ನನ್ನ ಹೆಸರು ಕೇಳಿದೆ. ನಮ್ಮಲ್ಲಿ ಒಬ್ಬರನ್ನು ಕರೆದದ್ದು ಆಟ. ಇನ್ನೊಬ್ಬರನ್ನು ಕರೆದದ್ದು ಅಪ್ಪ. ಇಷ್ಟು ದಿನ ಅನುಮಾನವಿತ್ತು, ಅನುಮಾನದಲ್ಲಿ ಸ್ವಲ್ಪ ಜಾಗವಿರುತ್ತದೆ. ಆ ಜಾಗವನ್ನೂ ನೀನು ತೆಗೆದುಬಿಟ್ಟೆ.

ಯಾರನ್ನು ಎಂದು ಕೇಳಬೇಡ. ಹದಿನಾಲ್ಕು ದಿನದಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಅಪ್ಪ ಮೂರನೆಯ ಸಲ ಕೂಗಲಿಲ್ಲ. ಕೂಗಲು ಆಗಲಿಲ್ಲ.

ಮೂವತ್ತೊಂದಕ್ಕೆ ಸಂಜೆ ಐದಕ್ಕೆ ಜುಬೇರನಲ್ಲಿ ಕೂಡುತ್ತೇನೆ. ನೀನು ಅವ್ವನಿಗೆ ಹೇಳುತ್ತೀಯೋ ಬಿಡುತ್ತೀಯೋ ನಿನಗೆ ಸೇರಿದ್ದು. ಅದೂ ಐಚ್ಛಿಕವೇ. ಬೇಡವಾದರೆ ಮೇಲಿನ ಬಾಗಿಲಿದೆ.

ಸತೀಶಕುಮಾರ


ಜೋರಾಪುರ ಪೇಟೆ
೧೬ ಜನವರಿ ೨೦೨೫

ಸತೀಶಾ,

ಸಂಕ್ರಾಂತಿಯ ದಿನ ಹೇಳಬೇಕೆಂದಿದ್ದೆ. ಕುಸುರೆಳ್ಳು ಕೈಗೆ ಹಾಕಿ ಕಾಲಿಗೆ ಬಿದ್ದೆ. ಅವ್ವ ತಲೆಯ ಮೇಲೆ ಕೈ ಇಟ್ಟು, “ನನಗ ಈಗ ನೀ ಒಬ್ಬಾಕೀನ ಅದಿ” ಎಂದಳು. ಅದನ್ನು ಕೇಳಿದ ಮೇಲೆ ಎದ್ದು ಹೋಗಿ ಪಾತ್ರೆ ತಿಕ್ಕಿದೆ.

ಹೇಡಿ ಎನ್ನು. ಮೂವತ್ತೊಂದಕ್ಕೆ ಐದು ಗಂಟೆ, ಮರೆಯಬೇಡ.

ವಿದ್ಯಾ


ತಿಕೋಟ
೧ ಫೆಬ್ರುವರಿ ೨೦೨೫

ಅಕ್ಕಾ,

ನಿನ್ನೆ ಏನಾಯಿತೆಂದು ನಿನ್ನ ಕಡೆಯಿಂದ ನನಗೆ ಗೊತ್ತಿಲ್ಲ, ನನ್ನ ಕಡೆಯಿಂದ ನಿನಗೆ ಗೊತ್ತಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ದೀಪಗಳನ್ನು ಚೆನ್ನಾಗಿ ಆರಿಸಿದೆ. ವಿಷದ ಬಾಣಗಳೂ ಸರಿಯಾಗಿದ್ದವು. ನಿನ್ನ ಕೈ ಮೊದಲಿಗಿಂತ ತಣ್ಣಗಿದೆ. ಅವಳು ಕಂಬಗಳ ಹಿಂದೆ ಹೋದಾಗ ಜುಬೇರ ನನ್ನ ಹಿಂದೆ ನಿಂತಿದ್ದ. ಆಮೇಲೆ ಅಪ್ಪ ಕರೆದ. “ಸತೀಶಾ.” ಕೆಮ್ಮಿ ಗಂಟಲು ಸರಿ ಮಾಡಿಕೊಂಡದ್ದೂ ಕೇಳಿಸಿತು, ಅದನ್ನೂ ಆಟದವರು ಹಾಗೆಯೇ ಇಟ್ಟುಕೊಂಡಿದ್ದಾರೆ. ಮತ್ತೊಮ್ಮೆ, “ಸತೀಶಾ.”

ಅದು ಆಟ ಎಂದು ಗೊತ್ತಿತ್ತು. ತಿರುಗಿದರೆ ಸೋಲುತ್ತೇವೆಂದೂ ಗೊತ್ತಿತ್ತು. ಜುಬೇರ, “ಲೇ, ತಿರಗಬ್ಯಾಡೋ” ಎಂದು ಭುಜ ಹಿಡಿದ. ತಿರುಗಿದೆ. ಹಿಂದೆ ಯಾರೂ ಇರಲಿಲ್ಲ ಅಕ್ಕಾ. ಆಟದವರು ಅಲ್ಲಿ ಬರೀ ಗೋಡೆ ಬರೆದಿದ್ದಾರೆ. ಯಾರೂ ತಿರುಗಿ ನೋಡುವುದಿಲ್ಲ ಎಂದು ಅದಕ್ಕೆ ಬಣ್ಣವನ್ನೂ ಸರಿಯಾಗಿ ಹಚ್ಚಿಲ್ಲ. ಅಷ್ಟರಲ್ಲಿ ಬಿದ್ದೆ. ಪರದೆ ಕಪ್ಪಾಯಿತು. ಎದ್ದು ಹೊರಗೆ ಬಂದುಬಿಟ್ಟೆ, ಆಮೇಲೆ ಏನಾಯಿತೋ ನೋಡಲಿಲ್ಲ.

ಅವ್ವನಿಗೆ ಏನನ್ನೂ ಹೇಳಬೇಡ. ಅವಳಿಗೆ ಒಬ್ಬಳಾದರೂ ಮಗಳಿರಲಿ. ನಾನು ಇಲ್ಲಿಗೆ ಹೊಂದಿಕೊಂಡಿದ್ದೇನೆ. ಮನೆಗೆ ಬರುವುದಿಲ್ಲ. ಇನ್ನು ಕಾಗದವನ್ನೂ ಹಾಕಬೇಡ, ಬರೆಯಲು ಆಟ ಉಳಿದಿಲ್ಲ.

ಸತೀಶ


ಜೋರಾಪುರ ಪೇಟೆ
೪ ಫೆಬ್ರುವರಿ ೨೦೨೫

ಸತೀಶಾ,

ನಿನ್ನ ಕಾಗದ ತಡವಾಗಿ ಬಂತು. ನಾನು ಹೇಳಿಬಿಟ್ಟಿದ್ದೆ.

ಮೂವತ್ತೊಂದರಂದು ಹೆಡ್‌ಫೋನ್ ತೆಗೆದಿಟ್ಟು ಸ್ಪೀಕರ್ ಹಚ್ಚಿದೆ. ಅವ್ವನನ್ನು ಕರೆತಂದು ಪಕ್ಕದ ಕುರ್ಚಿಯಲ್ಲಿ, ಅಪ್ಪ ಕೂಡುತ್ತಿದ್ದ ಕುರ್ಚಿಯಲ್ಲೇ ಕೂಡಿಸಿದೆ. ಯಾಕೆ ಎಂದು ಹೇಳಲಿಲ್ಲ. ಮೊಬೈಲಿನಲ್ಲಿ ಹಿಡಿದುಕೊಳ್ಳಬೇಕೆಂದು ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಅಪ್ಪ ಕರೆದಾಗ ಅವ್ವ ಎದ್ದು ನಿಂತಳು. ಮೊಣಕಾಲು ನೋಯುವವಳು, ಏನನ್ನೂ ಹಿಡಿಯದೆ ಎದ್ದಳು. ಎದ್ದು ಪಡಸಾಲೆಯ ಕಡೆ ನೋಡಿದಳು. ನಾನು ಮೊಬೈಲನ್ನು ಮರೆತೆ. ಧ್ವನಿ ಹೋಯಿತು, ಇನ್ನು ಎಲ್ಲೂ ಇಲ್ಲ.

ನಿನ್ನ ಆಳು ತಿರುಗಿ ಬಿದ್ದದ್ದನ್ನು ನೋಡಿದೆ. ನಾನೂ ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ. ನಾಲ್ಕು ಎಣಿಸಿದೆ, ಕಂಬದ ಬಲಗಡೆಯಿಂದ ಬಂದಳು, ದೊಡ್ಡ ಬಾಣ ಬಿಟ್ಟೆ. ಸತ್ತಳು. ಒಂದು ಕಿರೀಟ ಕೊಟ್ಟರು. ನನ್ನ ಬಿಲ್ಲುಗಾರ್ತಿ ಅದನ್ನು ಹಾಕಿಕೊಂಡು ಬಿದ್ದ ನಿನ್ನ ಪಕ್ಕದಲ್ಲಿ ಇಪ್ಪತ್ತು ನಿಮಿಷ ನಿಂತಿದ್ದಳು. ಆರಕ್ಕೆ ಕಂಪನಿಯವರು ದೀಪ ಆರಿಸಿದರು. ನನ್ನ ಕೈ ಎಂಥದೆಂದು ನನಗೆ ಗೊತ್ತಾಯಿತು. ಅಪ್ಪ ಕರೆದಾಗಲೂ ಎಣಿಸಿದ ಕೈ, ತಮ್ಮ ಬಿದ್ದಾಗಲೂ ಎಣಿಸಿತು.

ಆಮೇಲೆ ಅವ್ವನಿಗೆ ಎಲ್ಲ ಹೇಳಿದೆ. ಅಂಗಡಿಯಲ್ಲಿರಲಿಲ್ಲ ಎಂದೆ. ಇಬ್ಬರಿಗೂ ಎರಡೆರಡು ಸಲ ಕೇಳಿಸಿತ್ತು, ಒಬ್ಬರನ್ನು ಮಾರಿ, ಒಬ್ಬರನ್ನು ಅಪ್ಪ, ಯಾರನ್ನು ಯಾರೆಂದು ಗೊತ್ತಿಲ್ಲ ಎಂದೆ. ಎಲೆಯ ಪುಡಿಯನ್ನು ಡಬ್ಬಿ ಸಮೇತ ಅವಳ ಮುಂದಿಟ್ಟೆ.

ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಕೇಳಿದಳು, “ಸಾಯೋ ಮನಶ್ಯಾ ಆರಿಸಿ ಕರೀತಾನೇನ ವಿದ್ಯಾ? ಯಾರ ಹೆಸರು ಬಾಯಾಗ ಬಂತೋ ಅದನ್ನ ಕರದಾರ. ಮನ್ಯಾಗ ಇಬ್ರು ಇದ್ರಿ. ಒಬ್ರೂ ಏಳಲಿಲ್ಲ. ನೀವು ಎಣಿಸಿಕೋತ ಕುಂತ್ರಿ.”

ಅದು ಅವಳು ನನ್ನೊಡನೆ ಆಡಿದ ಕೊನೆಯ ಮಾತು. ನಾಲ್ಕು ದಿನವಾಯಿತು. ರೊಟ್ಟಿ ಬಡಿದು ಇಡುತ್ತಾಳೆ, ತಟ್ಟೆಯನ್ನು ನೆಲದ ಮೇಲೆ ಸರಿಸುತ್ತಾಳೆ. ನಿನ್ನನ್ನು ಹೊರಹಾಕಿದಾಗ ಬೈದಿದ್ದಳು, ನನಗೆ ಅಷ್ಟೂ ಕೊಡುತ್ತಿಲ್ಲ. ನ್ಯಾಯವಾಗಿಯೇ ಇದೆ. ನೀನು ಮೂರು ವರ್ಷ ಉಂಡದ್ದನ್ನು ನಾನು ಉಣ್ಣಲು ಶುರುಮಾಡಿದ್ದೇನೆ, ರುಚಿ ಹೇಗಿರುತ್ತದೆಂದು ಈಗ ತಿಳಿಯಿತು.

ಇವತ್ತು ಬೆಳಿಗ್ಗೆ ಕುರ್ಚಿ ಹಾಕಿಕೊಂಡು ಫೋಟೋದ ಮೇಲಿನ ಕ್ಯಾಲೆಂಡರ್ ತೆಗೆದಳು. ಬೇರೆ ಗೋಡೆಗೆ ಹಾಕಿದಳು. ನನ್ನ ಕಡೆ ನೋಡದೆ, ಗೋಡೆಗೆ ಹೇಳುವ ಹಾಗೆ ಹೇಳಿದಳು, “ಅವಗ ಬಾ ಅನ್ನು.”

ಅಷ್ಟೇ. ಒಂದು ಸಲ. ನಾನು ಕಿವಿಯಾರೆ ಕೇಳಿದ್ದೇನೆ, ಆಟವಲ್ಲ. ಅವಳಿಗೆ ಅರವತ್ತೆಂಟು, ಮತ್ತೊಮ್ಮೆ ಹೇಳುವವಳಲ್ಲ. ಎಣಿಸಬೇಡ ಸತೀಶಾ, ಎದ್ದು ಬಾ.

ವಿದ್ಯಾ